ಇನ್ನು ಮುಂದೆ ಬಿಡಿ ಪ್ಯಾಕೆಟ್ ಇಲ್ಲ, ತಂಡದ ಡಬ್ಬಿ ಉಂಟು

ಪ್ರೀತಿಯ ಗ್ರಾಹಕರೇ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಬಲ್ಮಠದ ಅಂಗಡಿಯಲ್ಲಿ ಬಾಸ್ಕೆಟ್‌ಬಾಲ್ ಆಟಗಾರರ ಚಿತ್ರದ ಕಾರ್ಡಿನ ಬಿಡಿ ಪ್ಯಾಕೆಟ್ (ಒಳಗೆ ಯಾರ ಕಾರ್ಡ್ ಉಂಟು ಅಂತ ಒಡೆದ ಮೇಲೆಯೇ ಗೊತ್ತಾಗುವಂಥದ್ದು) ಸಿಗುವುದಿಲ್ಲ. ಪೂರ್ತಿ ಬಾಕ್ಸ್ ಬೇಕಾದವರಿಗೆ ಸೀಲ್ ಒಡೆಯದೆ ಹಾಗೆಯೇ ಕೊಡುತ್ತೇವೆ. ಉಳಿದ ಬಾಕ್ಸುಗಳನ್ನು ನಾವೇ ಒಡೆಯುತ್ತೇವೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 30 ತಂಡಗಳಿಗೆ 30 ಡಬ್ಬಿ ಮಾಡಿದ್ದೇವೆ. ಕಾರ್ಡುಗಳನ್ನು ಅದಕ್ಕೆ ವಿಂಗಡಿಸಿ ಒಂದೊಂದಾಗಿ ಮಾರುತ್ತೇವೆ. ಲೇಕರ್ಸ್ ಬೇಕಾದವರು ಲೇಕರ್ಸ್ ಡಬ್ಬಿ ಕೇಳಿ, ಸೆಲ್ಟಿಕ್ಸ್ ಬೇಕಾದವರು ಸೆಲ್ಟಿಕ್ಸ್ ಡಬ್ಬಿ ಕೇಳಿ. ಬೇಡದ್ದಕ್ಕೆ ದುಡ್ಡು ಕೊಡಬೇಕಾಗಿಲ್ಲ.

"ಇದೆಂತ ಹೊಸ ಕತೆ ಮಾರಾಯ್ರೆ" ಅಂತ ಕೆಲವರು ಈಗಾಗಲೇ ಕೇಳಿದ್ದಾರೆ. ಅದಕ್ಕೇ ಈ ಕಾಗದ.

ಹೋದ ಆಟಿ ತಿಂಗಳಲ್ಲಿ ಒಂದು ಸಂಜೆ. ಹೊರಗೆ ಧೋ ಅಂತ ಮಳೆ. ನಮ್ಮ ಖಾಯಂ ಗಿರಾಕಿ, ಒಂಬತ್ತನೇ ಕ್ಲಾಸಿನ ಹುಡುಗ, ಛತ್ರಿ ಮಡಚಿ ಒಳಗೆ ಬಂದ. ಅವನಿಗೆ ಸ್ಯಾನ್ ಆಂಟೋನಿಯೊ ಸ್ಪರ್ಸ್ ಹುಚ್ಚು. ಯಾಕೆ ಅಂತ ಹೇಳಬೇಕಾಗಿಲ್ಲ, ಆ ತಂಡಕ್ಕೆ ವೆಂಬನ್ಯಾಮಾ ಅನ್ನುವ ಆಟಗಾರ ಬಂದ ಮೇಲೆ ಅರ್ಧ ಊರಿಗೆ ಅದೇ ಹುಚ್ಚು. ನಾಲ್ಕು ಪ್ಯಾಕೆಟ್ ತೆಗೆದುಕೊಂಡ. ಕೈ ಒದ್ದೆ ಅಂತ ಮೊದಲು ನಮ್ಮ ಟವೆಲ್ ಕೇಳಿ ಒರೆಸಿಕೊಂಡ. ಆಮೇಲೆ ಒಂದೊಂದೇ ಕಾರ್ಡನ್ನು ಹಿಂದಿನ ಬದಿಯಿಂದ ಸರಿಸುತ್ತಾ ಹೋದ. ಮುಖ ಒಮ್ಮೆಲೇ ನೋಡಿದರೆ ಮಜಾ ಹೋಗುತ್ತದೆ ಅಂತ ಅವನ ಲೆಕ್ಕ. ಜಾಝ್, ಹಾರ್ನೆಟ್ಸ್, ಕಿಂಗ್ಸ್, ಮತ್ತೆ ಜಾಝ್. 40 ಕಾರ್ಡಿನಲ್ಲಿ ಸ್ಪರ್ಸ್ ಒಂದೂ ಇಲ್ಲ. ಹುಡುಗ ಎಂತದೂ ಮಾತಾಡಲಿಲ್ಲ. ಕಾರ್ಡುಗಳನ್ನು ನೇರ ಮಾಡಿ ಕೌಂಟರಿನ ಮೇಲಿದ್ದ ಟ್ರೇಗೆ ತಳ್ಳಿ, "ಅಂಕಲ್, ಇದು ಇಲ್ಲೇ ಇರಲಿ" ಅಂತ ಹೋದ.

ಆ ಟ್ರೇ ನಾವು ಇಟ್ಟದ್ದಲ್ಲ. ಬೇಡದ ಕಾರ್ಡ್ ಬಿಟ್ಟು ಹೋಗುವವರು ಜಾಸ್ತಿಯಾಗಿ ಅದಾಗಿಯೇ ಹುಟ್ಟಿಕೊಂಡದ್ದು. ಮರುದಿನ ಬಂದರಿನ ಕಡೆಯ ಒಬ್ಬರು ಹಿರಿಯರು ಬಂದರು. ಅವರದ್ದು ಸ್ಯಾಕ್ರಮೆಂಟೊ ಕಿಂಗ್ಸ್. 2019ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಎರಡು ಪಂದ್ಯ ಆಡಿದಾಗ ಮಗಳ ಮನೆಗೆ ಹೋದವರು ನೋಡಿಕೊಂಡು ಬಂದಿದ್ದರು. ಎರಡೂ ಪಂದ್ಯ ಪೇಸರ್ಸ್ ಗೆದ್ದದ್ದು. ಆದರೆ ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಕಿಂಗ್ಸ್ ಮಾಲೀಕರಲ್ಲಿ ಮುಖ್ಯರು ಅಂತ ಇವರ ಒಲವು ಸೋತ ತಂಡದ ಕಡೆ. ಅವರು ಸುಮ್ನೆ ಟ್ರೇ ಕೆದಕುತ್ತಾ ನಿಂತರು. ಎರಡು ತಿಂಗಳಿನಿಂದ ಹುಡುಕುತ್ತಿದ್ದ ಕಾರ್ಡ್ ಹಿಂದಿನ ದಿನ ಹುಡುಗ ಬಿಟ್ಟುಹೋದ ಕಟ್ಟಿನಲ್ಲೇ ಸಿಕ್ಕಿತು. "ಇದಕ್ಕೆ ಎಷ್ಟು ಕೊಡ್ಲಿ?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದು ನಮ್ಮ ಮಾಲೇ ಅಲ್ಲವಲ್ಲ.

ಅವತ್ತೇ ನಮ್ಮ ಇನ್ನೊಬ್ಬ ಗಿರಾಕಿ, ಕಾಲೇಜಿನಲ್ಲಿ ಗಣಿತ ಕಲಿಸುವವರು, ಬಿಲ್ಲಿನ ಹಿಂದೆ ಒಂದು ಲೆಕ್ಕ ಹಾಕಿ ತೋರಿಸಿದರು. 300 ಕಾರ್ಡಿನ ಒಂದು ಸೆಟ್ ಅಂತ ಇಟ್ಟುಕೊಳ್ಳಿ. 30 ತಂಡ, ತಂಡಕ್ಕೆ 10 ಕಾರ್ಡ್. ಪ್ಯಾಕೆಟಿನಲ್ಲಿ 10 ಕಾರ್ಡ್ ಇದ್ದರೆ, ನೂರು ಪ್ಯಾಕೆಟ್ ಒಡೆದಾಗ ಸುಮಾರು 71ರಲ್ಲಿ ನಿಮ್ಮ ತಂಡದ ಒಂದು ಕಾರ್ಡೂ ಇರುವುದಿಲ್ಲ. ನಿಮ್ಮ ತಂಡದ ಆ ಹತ್ತೂ ಕಾರ್ಡ್ ಸೇರಬೇಕಾದರೆ ಸರಾಸರಿ ಸುಮಾರು 88 ಪ್ಯಾಕೆಟ್ ಒಡೆಯಬೇಕು. ಮೊದಲ ಐದು ಬೇಗ ಸಿಗುತ್ತವೆ. ಕೊನೆಯ ಒಂದಕ್ಕೇ ಸುಮಾರು 30 ಪ್ಯಾಕೆಟ್ ಹೋಗುತ್ತದೆ. ನಾವು ಇಷ್ಟು ವರ್ಷ ವ್ಯಾಪಾರ ಮಾಡಿ ಈ ಲೆಕ್ಕ ಹಾಕಿರಲಿಲ್ಲ. ಹಾಕಬೇಕು ಅಂತ ಅನಿಸಿರಲೂ ಇಲ್ಲ, ಪ್ಯಾಕೆಟ್ ಹೋಗುತ್ತಿತ್ತಲ್ಲ.

ಇನ್ನೊಂದು ವಿಷಯ ಹೇಳುವುದಕ್ಕೆ ಸ್ವಲ್ಪ ಮುಜುಗರ. ದೊಡ್ಡ ಬಾಕ್ಸುಗಳಲ್ಲಿ ಇಂತಿಷ್ಟು ಆಟೋಗ್ರಾಫ್ ಕಾರ್ಡ್ (ಆಟಗಾರನ ಸಹಿ ಇರುವುದು) ಇರುತ್ತದೆ ಅಂತ ಕಂಪನಿಯೇ ಹೇಳುತ್ತದೆ, ಕೆಲವಕ್ಕೆ ಒಂದೇ. ಬಾಕ್ಸ್ ಒಡೆದು ಬಿಡಿಯಾಗಿ ಮಾರುವಾಗ ಅದು ಯಾವುದೋ ಒಂದು ಪ್ಯಾಕೆಟಿನಲ್ಲಿ ಹೊರಗೆ ಬರುತ್ತದೆ. ನಮ್ಮ ಕೌಂಟರಿನಲ್ಲೇ ಒಡೆಯುವುದರಿಂದ ನಮಗೆ ಗೊತ್ತಾಗುತ್ತದೆ. ಆಮೇಲೆ ಬರುವವರಿಗೆ ಗೊತ್ತಿರುವುದಿಲ್ಲ. ಉಳಿದ ಪ್ಯಾಕೆಟುಗಳನ್ನು ನಾವು ಅದೇ ರೇಟಿಗೆ ಕೊಟ್ಟಿದ್ದೇವೆ. ಆ ಸ್ಪರ್ಸ್ ಹುಡುಗ ನಾಲ್ಕು ಪ್ಯಾಕೆಟ್ ತೆಗೆದುಕೊಂಡ ಬಾಕ್ಸಿನ ಆಟೋಗ್ರಾಫ್ ಎರಡು ದಿನ ಮೊದಲೇ ಬೇರೆಯವರ ಪಾಲಾಗಿತ್ತು. ಕಾನೂನಿನಲ್ಲಿ ತಪ್ಪಿಲ್ಲ ಅಂತ ನನ್ನ ಜೊತೆ ಅಂಗಡಿ ನಡೆಸುವ ಭಾವ ಹೇಳಿದರು. ಇರಬಹುದು. ಆದರೆ ರಾತ್ರಿ ಶಟರ್ ಎಳೆಯುವಾಗ ಅವರೂ ಅದನ್ನೇ ಯೋಚಿಸುತ್ತಿದ್ದರು.

ತೂಕ ನೋಡಿ ಆರಿಸುವವರ ಕಾಟವೂ ಉಂಟು. ಆಟಗಾರನ ಜೆರ್ಸಿಯ ತುಂಡು ಕೂರಿಸಿದ ಕಾರ್ಡಿಗೆ ಬೇಡಿಕೆ ಜಾಸ್ತಿ, ಅದು ದಪ್ಪ ಇರುತ್ತದೆ. ಸಾಮಾನ್ಯ ಕಾರ್ಡ್ 35 ಪಾಯಿಂಟ್, ಅಂದರೆ ಹತ್ತಿರ ಹತ್ತಿರ 0.9 ಮಿಲಿಮೀಟರ್. ಜೆರ್ಸಿ ಕಾರ್ಡ್ 130 ಪಾಯಿಂಟ್‌ವರೆಗೂ ಹೋಗುತ್ತದೆ, 3.3 ಮಿಲಿಮೀಟರ್. ಬೆರಳಲ್ಲಿ ಒತ್ತಿ ನೋಡಿದರೇ ಕೆಲವರಿಗೆ ಗೊತ್ತಾಗುತ್ತದೆ. ಒಬ್ಬರು ಚಿನ್ನ ತೂಗುವ ಪುಟ್ಟ ತಕ್ಕಡಿ ಜೇಬಿನಲ್ಲೇ ತಂದಿದ್ದರು! ಇದನ್ನು ತಪ್ಪಿಸಲಿಕ್ಕೆ ಕಂಪನಿಗಳು ಕೆಲವು ಪ್ಯಾಕೆಟಿಗೆ ಖಾಲಿ ದಪ್ಪ ರಟ್ಟು ಹಾಕುವುದುಂಟು, ಆದರೆ ಎಲ್ಲದಕ್ಕೂ ಅಲ್ಲ. ನಾವೂ ಒಮ್ಮೆ ಹೊರಗಿನ ಒಬ್ಬ ಮಾರಾಟಗಾರನಿಂದ ಬಿಡಿ ಪ್ಯಾಕೆಟ್ ತರಿಸಿ ಕೈ ಸುಟ್ಟುಕೊಂಡಿದ್ದೇವೆ. ಅಂಚಿನಲ್ಲಿ ಒಡೆದು ಮತ್ತೆ ಅಂಟಿಸಿದ ಗೋಂದಿನ ಗೆರೆ ಕಂಡಾಗ ದುಡ್ಡು ಹೋಗಿ ಆಗಿತ್ತು.

ಈ ಬದಲಾವಣೆಗೆ ಈಗಲೇ ಕೈ ಹಾಕಿದ್ದಕ್ಕೆ ಇನ್ನೊಂದು ಕಾರಣ ಉಂಟು. 2009-10ರಿಂದ ಎನ್‌ಬಿಎ ಕಾರ್ಡ್ ಮಾಡುವ ಹಕ್ಕು ಪಾನಿನಿ ಕಂಪನಿ ಒಂದರ ಕೈಯಲ್ಲೇ ಇತ್ತು. 2025-26ರ ಸೀಸನ್‌ನಿಂದ ಅದು ಟಾಪ್ಸ್ ಕಂಪನಿಗೆ ಹೋಗಿದೆ. ತಂಡದ ಕಾರ್ಡ್ ಸೇರಿಸುವವರಿಗೆ ಇದು ಸಣ್ಣ ವಿಷಯ ಅಲ್ಲ. ಲೈಸೆನ್ಸ್ ಇಲ್ಲದ ಕಂಪನಿ ಆಟಗಾರನ ಚಿತ್ರ ಹಾಕಿದರೂ ತಂಡದ ಹೆಸರು, ಲೋಗೋ ಹಾಕುವಂತಿಲ್ಲ. ಎದೆಯ ಮೇಲೆ ಬುಲ್ಸ್ ಅಂತ ಇಲ್ಲದ ಕೆಂಪು ಬನಿಯನ್ ಕಾರ್ಡನ್ನು ಬುಲ್ಸ್ ಫೈಲಿಗೆ ಹಾಕುವುದೋ ಬೇಡವೋ? ಹಾಗಾಗಿ ಹಳೆ ಪಾನಿನಿ ದಾಸ್ತಾನು ಮುಗಿಸಿ ಹೊಸ ಟಾಪ್ಸ್ ತರಿಸುವ ಈ ಹೊತ್ತಲ್ಲೇ ಪದ್ಧತಿಯನ್ನೂ ಬದಲಿಸೋಣ ಅಂತ ಕಂಡಿತು.

ಇನ್ನು ನಡೆಯುವುದು ಹೀಗೆ. ಪ್ರತಿ ಶನಿವಾರ ಸಂಜೆ 5 ಗಂಟೆಗೆ ಅಂಗಡಿಯ ಮುಂದಿನ ಮೇಜಿನ ಮೇಲೆ ಬಾಕ್ಸ್ ಒಡೆಯುತ್ತೇವೆ. ಯಾರು ಬೇಕಾದರೂ ಬಂದು ಕೂರಬಹುದು, ವಿಡಿಯೋ ಮಾಡಬಹುದು. "ಒಳ್ಳೆಯದನ್ನು ನೀವೇ ಒಳಗೆ ಹಾಕಿಕೊಳ್ಳುವುದಿಲ್ಲ ಅಂತ ಎಂತ ಗ್ಯಾರಂಟಿ?" ಅಂತ ಒಬ್ಬರು ಮುಖಕ್ಕೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಎಲ್ಲರೆದುರು ಒಡೆಯುವುದು. ಇನ್ನು ಮುಂದೆ ನಾನಾಗಲಿ ಭಾವನಾಗಲಿ ನಮ್ಮ ಅಂಗಡಿಯ ಬಾಕ್ಸಿನಿಂದ ಒಂದು ಕಾರ್ಡನ್ನೂ ಕೊಳ್ಳುವುದಿಲ್ಲ. ಭಾವ 30 ವರ್ಷದಿಂದ ಬುಲ್ಸ್ ಭಕ್ತರು, ಅವರ ಕಷ್ಟ ಅವರಿಗೇ ಗೊತ್ತು.

ಸಾಮಾನ್ಯ ಬೇಸ್ ಕಾರ್ಡ್ ಯಾವ ತಂಡದ್ದಾದರೂ 25 ರೂಪಾಯಿ. ಒಂದು ಸೆಟ್ಟಿನ ನಿಮ್ಮ ತಂಡದ ಹತ್ತೂ ಕಾರ್ಡ್ ಒಟ್ಟಿಗೆ ತೆಗೆದುಕೊಂಡರೆ 200. ರೂಕಿ ಕಾರ್ಡ್ (ಆಟಗಾರನ ಮೊದಲ ವರ್ಷದ್ದು), ಬಣ್ಣದ ಪ್ಯಾರಲಲ್ (ಅದೇ ಕಾರ್ಡ್ ಬೇರೆ ಬಣ್ಣದಲ್ಲಿ), ಇನ್ಸರ್ಟ್ (ಸೆಟ್ಟಿನ ಜೊತೆ ಬರುವ ಬೇರೆ ವಿನ್ಯಾಸದ ಕಾರ್ಡ್) ಇವುಗಳಿಗೆ ಬೇರೆ ಬೇರೆ ರೇಟು. ಅದನ್ನು ಬೋರ್ಡಿನಲ್ಲಿ ಬರೆಯುತ್ತೇವೆ, ಕೇಳಿದವರ ಮುಖ ನೋಡಿ ಬದಲಿಸುವುದಿಲ್ಲ. ಆಟೋಗ್ರಾಫ್ ಮತ್ತು ನಂಬರ್ ಹಾಕಿದ ಕಾರ್ಡುಗಳು ಒಂದು ವಾರ ಗಾಜಿನ ಪೆಟ್ಟಿಗೆಯಲ್ಲಿರುತ್ತವೆ. 25/99 ಅಂತ ಇದ್ದರೆ 99 ಮಾತ್ರ ಅಚ್ಚಾದದ್ದರಲ್ಲಿ 25ನೆಯದು ಅಂತ ಅರ್ಥ. ಒಂದೊಂದು ತಂಡಕ್ಕೂ ಅದರ ಅಭಿಮಾನಿಗಳ ಹೆಸರು ಬರೆಯುವ ಪುಸ್ತಕ ಇಟ್ಟಿದ್ದೇವೆ, ಆ ವಾರ ಕಾರ್ಡ್ ಆ ತಂಡದ ಪುಸ್ತಕದಲ್ಲಿ ಹೆಸರು ಬರೆಸಿದವರಿಗೆ ಮಾತ್ರ. ಇಬ್ಬರಿಗೆ ಬೇಕಾದರೆ ಚೀಟಿ ಎತ್ತುವುದು. ಯಾರಿಗೂ ಬೇಡವಾದರೆ ಎರಡನೇ ವಾರ ಯಾರು ಬೇಕಾದರೂ ಕೊಳ್ಳಬಹುದು. ಪುಸ್ತಕದಲ್ಲಿ ಒಬ್ಬರಿಗೆ ಒಂದೇ ತಂಡ. ನಾಲ್ಕು ತಂಡಕ್ಕೆ ಹೆಸರು ಬರೆಸುತ್ತೇನೆ ಅಂದವರಿಗೆ ಆಗಲೇ ಇಲ್ಲ ಅಂತ ಹೇಳಿ ಆಗಿದೆ. ವಾಷಿಂಗ್ಟನ್ ವಿಜರ್ಡ್ಸ್ ಪುಸ್ತಕದಲ್ಲಿ ಸದ್ಯಕ್ಕೆ ಒಬ್ಬರೇ ಇರುವುದು, ಅವರಷ್ಟು ಪುಣ್ಯವಂತರು ಯಾರೂ ಇಲ್ಲ.

ಟ್ರೇ ಇರುತ್ತದೆ. ಆದರೆ ಇನ್ನು ಅದು ಅದಲುಬದಲಿನ ಟ್ರೇ. ಒಂದು ಬೇಸ್ ಕಾರ್ಡ್ ಹಾಕಿ, ಒಂದು ತೆಗೆದುಕೊಳ್ಳಿ. ದುಡ್ಡಿನ ಮಾತಿಲ್ಲ. ದಯವಿಟ್ಟು ರಬ್ಬರ್ ಬ್ಯಾಂಡ್ ಹಾಕಿ ತರಬೇಡಿ, ಅಂಚಿನಲ್ಲಿ ಗಾಯವಾಗುತ್ತದೆ.

ತಂಡದ ಹಳೆ ಕಾರ್ಡುಗಳನ್ನೂ ಇದೇ ಡಬ್ಬಿಗಳಿಗೆ ಹಾಕುತ್ತಿದ್ದೇವೆ. ಹಳೆಯದು ಅಂದ ಕೂಡಲೇ ದುಬಾರಿ ಅಂತ ಅಲ್ಲ. 1990ರ ಆಚೀಚೆ ಕಾರ್ಡುಗಳು ವಿಪರೀತ ಅಚ್ಚಾದವು. ಸ್ಪರ್ಸ್‌ನ ಡೇವಿಡ್ ರಾಬಿನ್ಸನ್ ಅವರ ರೂಕಿ ಕಾರ್ಡ್ 1989-90ರ ಹೂಪ್ಸ್ ಸೆಟ್ಟಿನಲ್ಲಿ ಬಂದದ್ದು. ಹೈಸ್ಕೂಲ್ ಹುಡುಗನ ಪಾಕೆಟ್ ಮನಿಗೂ ಎಟಕುತ್ತದೆ. 1986-87ರ ಫ್ಲೀರ್ ಸೆಟ್ಟಿನ ಮೈಕಲ್ ಜೋರ್ಡನ್ ಕಾರ್ಡ್ ಬೇರೆ ಮಾತು. 132 ಕಾರ್ಡಿನ ಸೆಟ್ಟಿನಲ್ಲಿ 57ನೇ ನಂಬರು. ಅದು ನಮ್ಮಲ್ಲಿ ಇಲ್ಲ, ಬರುವುದೂ ಇಲ್ಲ. ಯಾರಾದರೂ ನಿಮಗೆ ಅಗ್ಗಕ್ಕೆ ಕೊಡುತ್ತೇನೆ ಅಂದರೆ ನಕಲಿ ಅಂತಲೇ ತಿಳಿಯಿರಿ.

ಊರು ಬಿಟ್ಟ ತಂಡಗಳದ್ದೇ ನಮಗೆ ತಲೆನೋವು. ಸಿಯಾಟಲ್ ಸೂಪರ್‌ಸಾನಿಕ್ಸ್ 2008ರಲ್ಲಿ ಒಕ್ಲಹೋಮ ಸಿಟಿಗೆ ಹೋಗಿ ಥಂಡರ್ ಆಯಿತು. ಕೆವಿನ್ ಡ್ಯುರಾಂಟ್ ರೂಕಿ ವರ್ಷ ಆಡಿದ್ದು ಸಿಯಾಟಲ್‌ಗೆ. ಆ ಕಾರ್ಡ್ ಥಂಡರ್ ಡಬ್ಬಿಗಾ, ಬೇರೆಯದಕ್ಕಾ? ಕಿಂಗ್ಸ್ ಕತೆ ಇನ್ನೂ ಉದ್ದ. ರೋಚೆಸ್ಟರ್, ಸಿನ್ಸಿನ್ನಾಟಿ, ಕ್ಯಾನ್ಸಸ್ ಸಿಟಿ ಎಲ್ಲ ಸುತ್ತಿ 1985ರಲ್ಲಿ ಸ್ಯಾಕ್ರಮೆಂಟೊ ಸೇರಿದ ತಂಡ ಅದು. ಆಸ್ಕರ್ ರಾಬರ್ಟ್‌ಸನ್ ಆಡಿದ್ದು ಅದಕ್ಕೆ ಸಿನ್ಸಿನ್ನಾಟಿ ರಾಯಲ್ಸ್ ಅಂತ ಹೆಸರಿದ್ದಾಗ. ನಮ್ಮ ಬಂದರಿನ ಹಿರಿಯರ ಪ್ರಕಾರ ಅವರೂ ಕಿಂಗ್ಸೇ. "ಮನೆ ಬದಲಿಸಿದರೆ ಮನೆತನ ಬದಲಾಗ್ತದಾ?" ಅಂತ ಅವರ ವಾದ. ನಾವು ಸೋತೆವು. ಹಳೆ ಹೆಸರಿನ ಕಾರ್ಡುಗಳು ಈಗಿನ ತಂಡದ ಡಬ್ಬಿಯಲ್ಲೇ, ಹಿಂದಿನ ಖಾನೆಯಲ್ಲಿ ಇರುತ್ತವೆ. ಸಿಯಾಟಲ್‌ಗೆ ಮಾತ್ರ ಬೇರೆ ಡಬ್ಬಿ. ಅಲ್ಲಿನ ಅಭಿಮಾನಿಗಳ ಹೊಟ್ಟೆಯುರಿ ಇನ್ನೂ ಆರಿಲ್ಲ ಅಂತ ಕೇಳಿದ್ದೇವೆ, ಬಲ್ಮಠದಲ್ಲಿ ಕುಳಿತು ನಾವ್ಯಾಕೆ ಉಪ್ಪು ಹಚ್ಚುವುದು.

ಮಳೆಗಾಲದ ಬಗ್ಗೆ ಒಂದು ಮಾತು. ಕಾರ್ಡುಗಳು ಇನ್ನು ನಮ್ಮಲ್ಲೇ ವಾರಗಟ್ಟಲೆ ಇರುವುದರಿಂದ ಎಲ್ಲ ಡಬ್ಬಿಗೂ ಬಿಗಿ ಮುಚ್ಚಳ, ಒಳಗೆ ಸಿಲಿಕಾ ಜೆಲ್ ಹಾಕಿದ್ದೇವೆ. ಕ್ರೋಮ್ ಕಾರ್ಡಿಗೆ ಮುಂದೆ ಮಿನುಗುವ ಪದರ, ಹಿಂದೆ ರಟ್ಟು. ರಟ್ಟು ತೇವ ಹೀರಿ ಹಿಗ್ಗುತ್ತದೆ, ಮಿನುಗುವ ಪದರ ಹಿಗ್ಗುವುದಿಲ್ಲ. ಹಾಗಾಗಿ ಜೂನ್ ಕಳೆಯುವಷ್ಟರಲ್ಲಿ ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳದ ಹಾಗೆ ಬಾಗುತ್ತದೆ. ಮನೆಯಲ್ಲೂ ಹಾಗೆಯೇ ಇಡಿ: ಮೊದಲು ತೆಳು ಪ್ಲಾಸ್ಟಿಕ್ ಸ್ಲೀವ್, ಆಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವರ್, ಆಮೇಲೆ ಮುಚ್ಚಳದ ಡಬ್ಬಿ. ಬಾಗಿದ ಕಾರ್ಡಿಗೆ ಇಸ್ತ್ರಿ ಪೆಟ್ಟಿಗೆ ಒತ್ತಿದವರನ್ನು ನಾವು ನೋಡಿದ್ದೇವೆ. ಬೇಡ.

ಉಡುಪಿ, ಮಣಿಪಾಲದವರಿಗೆ ಇಷ್ಟು ದಿನ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತಿದ್ದೆವು. ಒಂದು ಕವರ್ ಒದ್ದೆಯಾಗಿ ಹೋದ ಮೇಲೆ ಅದು ನಿಲ್ಲಿಸಿದ್ದೇವೆ. ಬದಲಿಗೆ ತಿಂಗಳ ಎರಡನೇ ಭಾನುವಾರ ಎಲ್ಲ ಡಬ್ಬಿಯನ್ನೂ ಕಾರಿಗೆ ಹಾಕಿ ನಾವೇ ಮಣಿಪಾಲಕ್ಕೆ ಬರುತ್ತೇವೆ. ಜಾಗ, ಹೊತ್ತು ವಾಟ್ಸಾಪಿನಲ್ಲಿ ತಿಳಿಸುತ್ತೇವೆ. ಪುಸ್ತಕದಲ್ಲಿ ಹೆಸರು ಬರೆಸಲಿಕ್ಕೆ ನೀವು ಮಂಗಳೂರಿಗೆ ಬರಬೇಕಾಗಿಲ್ಲ.

ಪ್ಯಾಕೆಟ್ ಒಡೆಯುವ ಖುಷಿ ಹೋಯಿತಲ್ಲ ಅಂತ ಬೇಜಾರು ಮಾಡಿಕೊಂಡವರು ಇದ್ದಾರೆ. ನಮಗೂ ಆ ಬೇಜಾರು ಉಂಟು. ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಕ್ಕೆ ಗಮ್ ಬಿಸಾಡಿದ ಕಾಲದವರು ನಾವು. ಇದರಿಂದ ವ್ಯಾಪಾರ ಸ್ವಲ್ಪ ಇಳಿಯುತ್ತದೆ ಅಂತ ಭಾವನ ಅಂದಾಜು, ಇಳಿಯಬಹುದು. ಶನಿವಾರ ಬಂದವರ ಕೈಗೇ ಪ್ಯಾಕೆಟ್ ಕೊಡುತ್ತೇವೆ, ಒಡೆಯಿರಿ. ಕಾರ್ಡ್ ಮಾತ್ರ ಡಬ್ಬಿಗೆ.

ಪ್ಯಾಕೆಟಿಗೆ ಮುಂಗಡ ಕೊಟ್ಟವರು ಈ ತಿಂಗಳು ಮುಗಿಯುವ ಮೊದಲು ದುಡ್ಡು ವಾಪಸ್ ತೆಗೆದುಕೊಳ್ಳಬಹುದು, ಇಲ್ಲವೇ ಖಾತೆಯಲ್ಲೇ ಇರಿಸಿ ಒಂದೊಂದಾಗಿ ಕಾರ್ಡ್ ಕೊಳ್ಳಬಹುದು. ಅಂಗಡಿಯಲ್ಲಿ ಅರ್ಧ ಖಾಲಿಯಾದ ಎರಡು ಬಾಕ್ಸ್ ಉಳಿದಿವೆ. ಒಂದರ ಆಟೋಗ್ರಾಫ್ ಹೋಗಿದೆ, ಇನ್ನೊಂದರದ್ದು ಹೋಗಿಲ್ಲ. ಎರಡನ್ನೂ ಮಾರುವುದಿಲ್ಲ. ಬರುವ ಶನಿವಾರ 5 ಗಂಟೆಗೆ ಎಲ್ಲಕ್ಕಿಂತ ಮೊದಲು ಒಡೆಯುವುದು ಅವನ್ನೇ.

ನಿಮ್ಮ,
ಕಾರ್ಡ್ ಅಂಗಡಿಯವರು
ಬಲ್ಮಠ, ಮಂಗಳೂರು