ಮಗಳಿಗೊಂದು ಪತ್ರ: ಶನಿವಾರ ಸಂಜೆಯ ವಾಚನ

ಬೆಂಗಳೂರು
24 ನವೆಂಬರ್ 2025

ಪ್ರೀತಿಯ ಮಗಳೇ,

ಭಾನುವಾರದ ಪೂಜೆಗಳಲ್ಲಿ ಹೆಚ್ಚಾಗಿ ಲೂಕನ ಶುಭಸಂದೇಶವನ್ನು ಓದುವ ಲೂಕನ ವರ್ಷ ನಿನ್ನೆ ಕ್ರಿಸ್ತರಾಜರ ಮಹೋತ್ಸವದೊಂದಿಗೆ ಮುಗಿಯಿತು. ಬರುವ ಭಾನುವಾರ, ಕ್ರಿಸ್‌ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಒಂದು ವರ್ಷ ಮತ್ತಾಯನ ಶುಭಸಂದೇಶ. ಪೂಜೆ ಮುಗಿಸಿ ಮನೆಗೆ ಬಂದೊಡನೆ ಅಜ್ಜಿ ಪವಿತ್ರ ಬೈಬಲಿನೊಳಗಿನ ಕೆಂಪು ದಾರವನ್ನು ಲೂಕನ ಪುಟಗಳಿಂದ ತೆಗೆದು ಮತ್ತಾಯನ ಮೊದಲ ಪುಟದಲ್ಲಿಟ್ಟರು. ಇಷ್ಟು ವರ್ಷ ಆ ಕೆಲಸ ನಿನ್ನದಾಗಿತ್ತು. ಅದನ್ನು ನೋಡುತ್ತಿದ್ದಂತೆ ನಿನಗೆ ಈ ಪತ್ರ ಬರೆಯಬೇಕೆನಿಸಿತು.

ಜರ್ಮನಿಯ ದೇವಾಲಯದಲ್ಲಿ ಗುರುಗಳ ಪ್ರಬೋಧನೆ ಇನ್ನೂ ಅರ್ಧಕ್ಕರ್ಧ ತಿಳಿಯುವುದಿಲ್ಲವೆಂದೂ, ಆದರೆ ಹಿಂದಿನ ದಿನ ಕನ್ನಡದಲ್ಲಿ ಓದಿಕೊಂಡು ಹೋಗುವುದರಿಂದ ಪೂಜೆಯಲ್ಲಿ ಓದುವ ಬೈಬಲಿನ ವಾಚನಗಳು ಮಾತ್ರ ಮನಸ್ಸಿಗೆ ತಲುಪುತ್ತವೆಂದೂ ನೀನು ಕಳೆದ ವಾರ ಫೋನಿನಲ್ಲಿ ಹೇಳಿದೆಯಲ್ಲ, ಆ ಮಾತು ಕೇಳಿ ಅಜ್ಜಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅವರು ಹಾರೋಬೆಲೆಯಲ್ಲಿ ಹುಡುಗಿಯಾಗಿದ್ದಾಗ ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದ ಬಳಿ ಓದುತ್ತಿದ್ದರೆ ಹೆಂಗಸರು ಮೊಣಕಾಲೂರಿ ಜಪಸರ ಎಣಿಸುತ್ತಿದ್ದರಂತೆ. ಭಕ್ತಿಗೆ ಕೊರತೆಯಿರಲಿಲ್ಲ, ಮಾತು ಮಾತ್ರ ಕಿವಿಯ ಹೊರಗೇ ಉಳಿಯುತ್ತಿತ್ತು ಎನ್ನುತ್ತಾರೆ ಅವರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಜನರ ಭಾಷೆಗಳಿಗೆ ಬಾಗಿಲು ತೆರೆದು, ಬೈಬಲಿನ ಭಂಡಾರವನ್ನು ಭಕ್ತರಿಗೆ ಇನ್ನಷ್ಟು ಧಾರಾಳವಾಗಿ ಬಿಚ್ಚಿಡಬೇಕೆಂದು ವಿಧಿಸಿತು. ಅದರ ಫಲವಾಗಿ 1969ರಲ್ಲಿ ಬಂದದ್ದೇ ಇಂದು ನಾವು ಅನುಸರಿಸುವ ವಾಚನಕ್ರಮ. ಅದಕ್ಕೆ ಮುಂಚೆ ಪ್ರತಿ ಭಾನುವಾರಕ್ಕೆ, ವರ್ಷಕ್ಕೊಮ್ಮೆ ಮರುಕಳಿಸುವ ಎರಡೇ ವಾಚನಗಳಿದ್ದವು, ಹಳೆಯ ಒಡಂಬಡಿಕೆ ಭಾನುವಾರಗಳಲ್ಲಿ ಕೇಳಿಬರುತ್ತಿದ್ದುದೇ ಅಪರೂಪ. ಈಗ ಭಾನುವಾರಕ್ಕೆ ಮೊದಲನೆಯದು, ಎರಡನೆಯದು, ಕೊನೆಗೆ ಶುಭಸಂದೇಶ ಎಂದು ಮೂರು ವಾಚನಗಳು. ಮೂರು ವರ್ಷಗಳ ಸುತ್ತಿನಲ್ಲಿ ಮತ್ತಾಯ, ಮಾರ್ಕ, ಲೂಕರು ಒಬ್ಬರ ನಂತರ ಒಬ್ಬರು ಬರುತ್ತಾರೆ. ನಾಲ್ಕನೆಯ ಶುಭಸಂದೇಶಕಾರನಾದ ಯೊವಾನ್ನನು ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ, ಅದರ ನಂತರದ ಪಾಸ್ಖ ಕಾಲದಲ್ಲಿ, ಮಾರ್ಕನ ವರ್ಷದ ಕೆಲವು ಭಾನುವಾರಗಳಲ್ಲಿ ಜೊತೆಗೂಡುತ್ತಾನೆ. ಅಜ್ಜಿ ಲತೀನಿನಲ್ಲಿ ಕಳೆದುಕೊಂಡದ್ದನ್ನು ಮೊಮ್ಮಗಳು ಜರ್ಮನ್ ಭಾಷೆಯ ನಡುವೆಯೂ ಕಳೆದುಕೊಳ್ಳದಿರುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಭಾನುವಾರದ ವಾಚನಗಳನ್ನು ಹಿಂದಿನ ಸಂಜೆಯೇ ಮನೆಯಲ್ಲಿ ಒಟ್ಟಿಗೆ ಓದುವುದು ನಮ್ಮ ರೂಢಿಯಲ್ಲವೇ, 2022ರ ಜುಲೈ ತಿಂಗಳ ಆ ಶನಿವಾರ ನಿನಗೆ ನೆನಪಿರಬೇಕು. ಮೊದಲನೆಯ ವಾಚನದಲ್ಲಿ ಮಮ್ರೆಯ ಮರಗಳ ಬಳಿ, ಬಿಸಿಲೇರಿದ ಹೊತ್ತಿನಲ್ಲಿ ಬಂದ ಮೂವರು ಅಪರಿಚಿತರಿಗಾಗಿ ಅಬ್ರಹಾಮನು ಓಡಾಡಿ, ಸಾರಳಿಗೆ ಹಿಟ್ಟು ನಾದಿ ರೊಟ್ಟಿ ಸುಡಲು ಹೇಳಿ, ಎಳೆಯ ಕರುವಿನ ಅಡುಗೆ ಮಾಡಿಸಿ ಬಡಿಸುತ್ತಾನೆ. ಶುಭಸಂದೇಶದಲ್ಲಿ ಮಾರ್ತಳು ಯೇಸುಸ್ವಾಮಿಗಾಗಿ ಅದೇ ಉಪಚಾರದಲ್ಲಿ ತೊಡಗಿದ್ದಾಳೆ, ಅವಳ ಸಹೋದರಿ ಮರಿಯಳು ಅವರ ಪಾದದ ಬಳಿ ಕುಳಿತು ಕೇಳುತ್ತಿದ್ದಾಳೆ. ಮರಿಯಳು ಒಳ್ಳೆಯದನ್ನೇ ಆಯ್ದುಕೊಂಡಿದ್ದಾಳೆಂದು ಯೇಸುಸ್ವಾಮಿ ಮಾರ್ತಳಿಗೆ ಹೇಳುತ್ತಾರೆ. ಆಗ ನೀನು ತಲೆಯೆತ್ತಿ, ಅತಿಥಿಗಾಗಿ ಓಡಾಡಿದ ಅಬ್ರಹಾಮನಿಗೆ ಮಗನ ವಾಗ್ದಾನ ಸಿಕ್ಕಿತು, ಮಾರ್ತಳಿಗೇಕೆ ಬುದ್ಧಿಮಾತು ಎಂದು ಕೇಳಿದೆ. ಕೆಲಸಕ್ಕಿಂತ ಪ್ರಾರ್ಥನೆ ಮೇಲು ಎಂದು ನಾನು ಕೂಡಲೇ ಉತ್ತರ ಕೊಟ್ಟೆ. ನಿನ್ನ ಅಮ್ಮ ಆ ಹೊತ್ತಿಗೆ ಒಲೆಯ ಮುಂದೆ ಮುದ್ದೆ ತೊಳಸುತ್ತ ಅಡುಗೆಮನೆಯಿಂದಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನೀನು ಒಮ್ಮೆ ಅತ್ತ ನೋಡಿ, ಒಮ್ಮೆ ನನ್ನತ್ತ ನೋಡಿದೆ. ಮಗಳೇ, ನಾನು ಅಂದು ಕೊಟ್ಟ ಉತ್ತರ ಅವಸರದ್ದು, ನಿನ್ನ ನೋಟವೇ ಸರಿಯಾಗಿತ್ತು. ಮುಂದಿನ ಶನಿವಾರದಿಂದ ಎಲ್ಲರೂ ಕೈಹಾಕಿ ಅಡುಗೆ ಮುಗಿಸಿ, ಅಮ್ಮ ಬಂದು ಕುಳಿತ ಮೇಲೆಯೇ ಪುಸ್ತಕ ತೆರೆಯುವ ಪದ್ಧತಿ ನಮ್ಮ ಮನೆಯಲ್ಲಿ ಬಂತು.

ಆದರೆ ನಿನ್ನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಎಂಟು ತಿಂಗಳ ಮೇಲೆ, 2023ರ ಮಾರ್ಚಿನಲ್ಲಿ, ತಪಸ್ಸು ಕಾಲದ ಐದನೆಯ ಭಾನುವಾರಕ್ಕೆ ಲಾಜರನನ್ನು ಸಮಾಧಿಯಿಂದ ಎಬ್ಬಿಸಿದ ವಾಚನ ಬಂತು. ಸಹೋದರನನ್ನು ಕಳೆದುಕೊಂಡ ಆ ಮನೆಯಿಂದ ಯೇಸುಸ್ವಾಮಿಯನ್ನು ಎದುರುಗೊಳ್ಳಲು ಮೊದಲು ಹೊರಟವಳು ಅದೇ ಮಾರ್ತಳು. ನೀವೇ ದೇವರ ಪುತ್ರ, ಲೋಕಕ್ಕೆ ಬರಬೇಕಾದ ಕ್ರಿಸ್ತ ಎಂದು ಒಪ್ಪಿಕೊಂಡವಳೂ ಅವಳೇ. ನೀನು ಆ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ, ಅಡುಗೆಮನೆಯಲ್ಲಿದ್ದರೂ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದೆ. ನಾನು ಅಷ್ಟು ವರ್ಷಗಳಲ್ಲಿ ಓದಿದ ಯಾವ ವ್ಯಾಖ್ಯಾನವೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಅಂದಿನಿಂದ ಈ ವಾಚನಗಳ ವಿಷಯದಲ್ಲಿ ಉತ್ತರ ಕೊಡುವ ಅವಸರವನ್ನು ಬಿಟ್ಟಿದ್ದೇನೆ. ಒಂದು ವರ್ಷದ ಪ್ರಶ್ನೆಗೆ ಇನ್ನೊಂದು ವರ್ಷದ ವಾಚನ ಉತ್ತರಿಸುವುದುಂಟು. ಅದಕ್ಕೆ ಕಾಯಬೇಕಾದರೆ ಮನೆಯವರೆಲ್ಲ ಒಟ್ಟಿಗೆ ಓದುತ್ತಲೇ ಇರಬೇಕು, ಪ್ರಶ್ನೆಯನ್ನು ಯಾರಾದರೊಬ್ಬರು ನೆನಪಿಟ್ಟಿರಬೇಕು. ಈ ವರ್ಷ ಜುಲೈಯಲ್ಲಿ, ನೀನು ಹೊರಡುವ ಮುಂಚೆ, ಅದೇ ಮಾರ್ತಳ ವಾಚನ ಸುತ್ತು ಮುಗಿಸಿ ಮರಳಿ ಬಂದಾಗ ತಮ್ಮನಿಗೆ ನೀನು ಅರ್ಥ ಹೇಳಲಿಲ್ಲ, ನಿನ್ನ ಹಳೆಯ ಪ್ರಶ್ನೆಯನ್ನೇ ಕೇಳಿದೆ. ಅದನ್ನು ನೋಡಿ ನನಗೆ ಸಂತೋಷವಾಯಿತು.

ಎರಡನೆಯ ವಾಚನ ಉಳಿದೆರಡಕ್ಕೆ ಹೊಂದುವುದೇ ಇಲ್ಲವೆಂದು ನೀನು ಬರೆದಿದ್ದೆ. ಹಬ್ಬಗಳ ವಿಶೇಷ ಕಾಲಗಳನ್ನು ಬಿಟ್ಟು ವರ್ಷದ ಉಳಿದ ಭಾಗವಾದ ಸಾಧಾರಣ ಕಾಲದಲ್ಲಿ ಮೊದಲನೆಯದನ್ನು ಶುಭಸಂದೇಶಕ್ಕೆ ಹೊಂದುವಂತೆ ಆಯ್ದಿರುತ್ತಾರೆ. ಎರಡನೆಯದು ಮಾತ್ರ ಬೈಬಲಿನ ಒಂದೊಂದು ಪತ್ರವನ್ನು ವಾರದಿಂದ ವಾರಕ್ಕೆ ಮುಂದುವರಿಸಿಕೊಂಡು ತನ್ನ ಪಾಡಿಗೆ ಸಾಗುತ್ತದೆ. ಆದ್ದರಿಂದ ಮೂರನ್ನೂ ಬಲವಂತವಾಗಿ ಒಂದೇ ದಾರಕ್ಕೆ ಪೋಣಿಸಬೇಕಾಗಿಲ್ಲ. ಅದನ್ನು ಪತ್ರವನ್ನಾಗಿಯೇ, ಕಳೆದ ವಾರದ ಮುಂದುವರಿಕೆಯಾಗಿ ಓದು.

ಇನ್ನೊಂದು ಕೋರಿಕೆ. ಓದಿನ ಒತ್ತಡವಿರುವ ವಾರಗಳಲ್ಲಿ ಮನಸ್ಸಿಗೆ ಹಿತವಾದ ಭಾಗವನ್ನು ಮಾತ್ರ ತೆರೆದು ಓದಿ ಮುಗಿಸಬೇಡ. ನಾವೇ ಆಯ್ದುಕೊಂಡರೆ ನಮಗೆ ಬೇಕಾದುದನ್ನೇ ಓದುತ್ತೇವೆ. ನಮ್ಮನ್ನು ಕೇಳದೆ ಬರುವ ವಾಚನದಲ್ಲಿ ಕಟುವಾದ ಮಾತೂ ಇರುತ್ತದೆ, ಅದನ್ನೂ ಬಾಯಿತೆರೆದು ಓದಬೇಕಾಗುತ್ತದೆ. ಜೊತೆಗೆ, ಕೆಲವು ಹಬ್ಬಗಳನ್ನು ಬಿಟ್ಟರೆ, ನೀನಿರುವ ಊರಿನಲ್ಲೂ ಇಲ್ಲಿಯೂ ಆ ದಿನದ ವಾಚನ ಒಂದೇ. ಇಷ್ಟು ದೂರವಿದ್ದೂ ನಾವು ಒಂದೇ ಪುಟದ ಮುಂದೆ ಕುಳಿತಿರುತ್ತೇವೆಂಬುದು ಅಮ್ಮನಿಗೂ ನನಗೂ ದೊಡ್ಡ ಸಮಾಧಾನ.

ಈ ಶನಿವಾರ ನಮ್ಮ ಏಳೂವರೆಗೆ, ಅಂದರೆ ನಿನ್ನ ಮಧ್ಯಾಹ್ನ ಮೂರಕ್ಕೆ, ಫೋನು ಮಾಡುತ್ತೇವೆ. ಪ್ರವಾದಿ ಯೆಶಾಯನ ವಾಚನವನ್ನು ತಮ್ಮ ಓದುತ್ತಾನೆ, 122ನೆಯ ಕೀರ್ತನೆ ಅಜ್ಜಿಯದು, ಶುಭಸಂದೇಶ ಅಮ್ಮನದು. ರೋಮನರಿಗೆ ಬರೆದ ಪತ್ರದ ಭಾಗವನ್ನು ನಿನಗಾಗಿ ಉಳಿಸಿದ್ದೇವೆ. ಜನಾಂಗಗಳು ಕತ್ತಿಗಳನ್ನು ಬಡಿದು ನೇಗಿಲಿನ ಗುಳಗಳನ್ನಾಗಿ ಮಾಡುವರೆಂಬ ಮಾತು ಯೆಶಾಯನಲ್ಲಿ ಬರುತ್ತದೆ. ಗುಳವೆಂದರೇನೆಂದು ತಮ್ಮ ಕೇಳಿದ್ದಕ್ಕೆ ಅಜ್ಜಿ, ಅಜ್ಜನ ರಾಗಿ ಹೊಲ ಉಳುತ್ತಿದ್ದ ನೇಗಿಲಿನ ಚಿತ್ರವನ್ನು ಅವನ ನೋಟ್‌ಬುಕ್ಕಿನಲ್ಲಿ ತಾವೇ ಬರೆದು ತೋರಿಸಿದರು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಏನೆನ್ನುತ್ತಾರೆಂದು ಅವರಿಗೆ ತಿಳಿಯಬೇಕಂತೆ, ಯಾರನ್ನಾದರೂ ಕೇಳಿಟ್ಟುಕೊಂಡಿರು.

ನಿನ್ನ ಅಪ್ಪ