ಲಂಡನ್ನಲ್ಲಿ ಟಿಕೆಟ್ ಕೊಟ್ಟ ಆ ಅಮ್ಮನಿಗೆ

ಹೋದ ತಿಂಗಳು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಬಾಗಿಲಲ್ಲಿ, ಫಿಲ್‌ಹಾರ್ಮೋನಿಯಾ ಅನ್ನೋ ಪಾಶ್ಚಾತ್ಯ ಸಂಗೀತದ ವಾದ್ಯವೃಂದದ ಕಛೇರಿಗೆ ಟಿಕೆಟ್ ಸಿಗ್ದೆ ಪೆಚ್ಚಾಗಿ ನಿಂತಿದ್ದೆ, ಆಗ ಒಬ್ರು ವಯಸ್ಸಾದ ಅಮ್ಮ ಬಂದು ನಮ್ಮ ಯಜಮಾನ್ರಿಗೆ ಹುಷಾರಿಲ್ಲ ಅವರ ಟಿಕೆಟ್ ನೀನು ತಗೋಪ್ಪ ಅಂತ ಕೈಗಿಟ್ರು, ದುಡ್ಡು ಕೊಡೋಕೆ ಹೋದ್ರೆ ಮುಟ್ಟಲೇ ಇಲ್ಲ. ಇಂಟರ್ವಲ್‌ನಲ್ಲಿ ಮೈಸೂರಿನವನು ಅಂದೆ ನೋಡಿ, ಅವರ ಮುಖ ಅರಳಿಬಿಡ್ತು! 1945ರಲ್ಲಿ ಶುರುವಾದ ಈ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಮೊದಮೊದಲು ದುಡ್ಡಿನ ಆಸರೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್ ಅಂತ ಅವರಿಗೆ ಗೊತ್ತಿತ್ತು ಕಣ್ರೀ. ನಂಗೆ ಗೊತ್ತಿಲ್ದೇ ಇದ್ದಿದ್ದು ಮುಂದಿನ ಕಥೆ, ಅದನ್ನ ಅವರೇ ಹೇಳಿದ್ರು. 1964ರಲ್ಲಿ ಸ್ಥಾಪಕ ವಾಲ್ಟರ್ ಲೆಗ್ ಆರ್ಕೆಸ್ಟ್ರಾನೇ ನಿಲ್ಲಿಸೋಕೆ ಹೊರಟಾಗ, ನುಡಿಸೋರೇ ಒಟ್ಟಾಗಿ ನ್ಯೂ ಫಿಲ್‌ಹಾರ್ಮೋನಿಯಾ ಅಂತ ಹೆಸರಿಟ್ಕೊಂಡು ತಾವೇ ನಡೆಸೋಕೆ ನಿಂತ್ರಂತೆ, ಹಳೇ ಹೆಸರು ವಾಪಸ್ ಸಿಕ್ಕಿದ್ದು 1977ರಲ್ಲಿ. 13 ವರ್ಷ! ಇದನ್ನ ಕೇಳ್ಕೊಂಡು ಒಳಗೆ ಹೋಗಿ ಕೂತ್ರೆ, ಚೆಲ್ಲೋಗಳ (ದೊಡ್ಡ ಪಿಟೀಲಿನಂಥ ವಾದ್ಯ) ನಾದ ಒಟ್ಟಿಗೆ ಎದ್ದ ಕ್ಷಣ ಕಣ್ಣು ತುಂಬ್ಕೊಂಡ್ತು.

ಹೆಸರು ಕೇಳೋದೇ ಮರ್ತೆ ಅಮ್ಮಾ. ತುಂಬಾ ತುಂಬಾ ಥ್ಯಾಂಕ್ಸ್, ನಿಮ್ಮ ಯಜಮಾನ್ರು ಬೇಗ ಹುಷಾರಾಗಿ ಅದೇ ಸೀಟಲ್ಲಿ ಬಂದು ಕೂರ್ಲಿ.