ಹಳ್ಳದ ಹೊಲ ಮಾರಬ್ಯಾಡ್ರಿ

ಮೆಲ್ಬರ್ನ್
18-11-2025

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರ. ಉಭಯ ಕುಶಲೋಪರಿ. ನಾವು ನಾಲ್ಕೂ ಮಂದಿ ಆರಾಮ ಅದೇವಿ. ಅವ್ವನ ಮೊಣಕಾಲು ಹೆಂಗೈತಿ, ಬಸುನ ಮಗಳಿಗೆ ಜ್ವರ ಬಿಟ್ಟಾವಿಲ್ಲೋ ತಿಳಿಸ್ರಿ.

ನಮಗ ರೊಕ್ಕ ಕಳಿಸಲಿಕ್ಕೆ ಹಳ್ಳದ ಹೊಲ ಮಾರ್ತೇನಿ ಅಂತ ಬರದ ನಿಮ್ಮ ಪತ್ರ ನಿನ್ನೆ ಮುಟ್ಟಿತು. ರಾತ್ರಿ ನಿದ್ದಿ ಹತ್ತಲಿಲ್ಲ. ಫೋನಿನ್ಯಾಗನ ಹೇಳಬಹುದಿತ್ತು, ಆದ್ರ ನೀವು ಫೋನು ಸ್ಪೀಕರಿಗೆ ಹಾಕ್ತೀರಿ, ಅವ್ವ ಕೇಳ್ತಾಳ, ಸರೋಜಾ ಚಿಗವ್ವ ಕೇಳ್ತಾಳ, ಸಂಜಿ ಆಗೂದ್ರಾಗ ಓಣಿಗೆಲ್ಲಾ ಗೊತ್ತಾಗ್ತೈತಿ. ಅದಕ್ಕ ಬರೀಲಿಕ್ಕೆ ಕುಂತೇನಿ. ಮುಖ್ಯ ಮಾತು ಮೊದಲ ಹೇಳಿಬಿಡ್ತೇನಿ: ಹಳ್ಳದ ಹೊಲ ಮಾರಬ್ಯಾಡ್ರಿ. ನೀವು ಕಳಿಸ್ತೇನಿ ಅಂದ ಕಾಗದಕ್ಕ ನಾ ಸಹಿ ಮಾಡಂಗಿಲ್ಲ. ಸಂಚಕಾರ ಇಸ್ಕೊಂಡಿದ್ರ ನಾಳೆನ ತಿರುಗಿ ಕೊಟ್ಟು, ಮುಟ್ಟಿತು ಅಂತ ಅವರ ಕಡೆಯಿಂದ ಬರಸ್ಕೊಂಡು ಬರ್ರಿ.

ಹುಬ್ಬಳ್ಳಿ ಮಾವ ನಿಮಗ ಏನು ಹೇಳ್ಯಾನ ಅನ್ನೂದು ತಿಳೀತು. ಮೆಲ್ಬರ್ನ್ ಬಿಟ್ಟು ಸಣ್ಣ ಊರಿಗೆ ಹೊಂಟಾರಂದ್ರ ಅಳಿಯಂದು ಕೆಲಸ ಹೋಗಿರಬೇಕು ಅಂತ. ಹೋಗಿಲ್ಲ. ಇವರ ಕಂಪನಿಯೊಳಗ ಈ ವರ್ಷ ಒಂದಿಷ್ಟು ಮಂದೀನ್ನ ತಗದದ್ದು ಖರೇ, ಇವರನ್ನ ತಗದಿಲ್ಲ. ಮನಿಯಿಂದನ ಕೆಲಸ ಮಾಡ್ರಿ, ಆವಾಗಾವಾಗ ಬಂದು ಹೋಗ್ರಿ ಅಂದಾರ. ಪಗಾರ ಅಷ್ಟ ಐತಿ. ನಮ್ಮ ಕಡೆ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗ್ತಾರ. ತಿರುಗಿ ಬಂದವರನ್ನ ಸೋತು ಬಂದ್ರು ಅಂತಾರ. ನಿಮಗೂ ಹಂಗ ಅನಿಸಿರಬೇಕು. ನಾವು ಸೋತು ಹೊಂಟಿಲ್ಲ ಅಪ್ಪಾ. ಹೊಂಟಿರೂದು ನನ್ನ ಕೆಲಸದ ಸಲುವಾಗಿ.

ಹಾರ್ಶಮ್ ಅಂತ ಊರು. ಮೆಲ್ಬರ್ನ್‌ನಿಂದ ವಾಯವ್ಯಕ್ಕ ಸುಮಾರು 300 ಕಿಲೋಮೀಟರ್, ಅಡಿಲೇಡ್‌ಗೆ ಹೋಗೂ ಹೆದ್ದಾರಿ ಮ್ಯಾಲ ಐತಿ. ಸುತ್ತಲ ಹಳ್ಳಿ ಸೇರಿಸಿ 20 ಸಾವಿರ ಮಂದಿ. ಅಲ್ಲಿ ಬೀಜ ಪರೀಕ್ಷೆ ಮಾಡೂ ಲ್ಯಾಬಿನ್ಯಾಗ ನನಗ ಕೆಲಸ ಸಿಕ್ಕೈತಿ, ಕಾಯಂ. ಧಾರವಾಡದ ಯತ್ತಿನಗುಡ್ಡದ ಕೃಷಿ ಕಾಲೇಜಿನಾಗ ನಾಕು ವರ್ಷ ಓದಿದ್ದು ಇಷ್ಟು ದಿನ ಪೆಟ್ಟಿಗಿಯೊಳಗ ಇತ್ತು, ನಾ ಇಲ್ಲಿ ಅಂಗಡಿಯೊಳಗ ಬಿಲ್ ಮಾಡಕೋತ ನಿಂತಿದ್ದೆ. ಇಂಟರ್ವ್ಯೂ ದಿನ ಲ್ಯಾಬ್ ತೋರಿಸಿದಾಕಿ ಒಂದು ಹಸೀ ಕಾಗದದ ಸುರುಳಿ ಬಿಚ್ಚಿ ನನ್ನ ಮುಂದ ಇಟ್ಟಳು. ಸಾಲಾಗಿ ಕಡ್ಲಿ ಕಾಳು, ಒಂದೊಂದಕ್ಕೂ ಬಿಳೀ ಬೇರು ಬಂದಿತ್ತು, ಎರಡು ಕಾಳು ಬೂಸ್ಟು ಹಿಡದಿದ್ವು. ಬೂಸ್ಟು ಹಿಡದದ್ದನ್ನ ಚಿಮಟಿಗೀಲೆ ತಗದು ಬ್ಯಾರೆ ಇಟ್ಟು, ಉಳದದ್ದು ಎಣಿಸಿ ಬರಕೊಂಡ್ಲು. ಸೀಗಿ ಹುಣ್ಣಿವಿ ಮುಂದ ನೀವು ಒದ್ದಿ ಅರಬಿಯೊಳಗ ಕಡ್ಲಿ ಕಟ್ಟಿಟ್ಟು ಮೊಳಕಿ ನೋಡ್ತಿದ್ದದ್ದು ಇದನ್ನ. ಇದಕ್ಕ ಇಲ್ಲಿ ಪಗಾರ ಕೊಡ್ತಾರ. ನಮ್ಮೂರು ಯಾವುದು ಅಂತ ಕೇಳಿದಾಗ ಅಣ್ಣಿಗೇರಿ ಅಂದೆ. ಅವರೊಳಗ ವಯಸ್ಸಾದ ಒಬ್ಬರು, ಅದು ಕಡ್ಲಿ ತಳಿ ಹೆಸರಲ್ಲೇನು ಅಂದ್ರು! 1978ರಾಗ ಬಿಟ್ಟ ಅಣ್ಣಿಗೇರಿ-1 ಅವರಿಗೆ ಗೊತ್ತಿತ್ತು. ನನಗ ಎಷ್ಟು ಹೆಮ್ಮಿ ಆತು ಅಂದ್ರ, ಮುಂದ ಅವರು ಕೇಳಿದ್ದಕ್ಕೆಲ್ಲಾ ಧೈರ್ಯದಿಂದ ಉತ್ತರಾ ಕೊಟ್ಟೆ.

ಊರು ಹುಡುಕದ ಹಂಗ ಹೊಂಟೇವಿ ಅಂತ ತಿಳೀಬ್ಯಾಡ್ರಿ. ಇವರು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಾರ. ಬ್ಯಾಲರಾಟ್ ನೋಡಿದ್ವಿ, ರೈಲಿನ ಅನುಕೂಲ ಐತಿ, ನಮ್ಮ ಕಡೇ ಮಂದೀನೂ ಅದಾರ, ಆದ್ರ ಅಲ್ಲಿ ಚಳಿ ಇವರ ಮೂಗಿಗೆ ಆಗಂಗಿಲ್ಲ. ಶೆಪರ್ಟನ್ ಹಣ್ಣಿನ ತೋಟದ ಊರು, ಭಾಳ ಚೊಲೋ. 2022ರ ಅಕ್ಟೋಬರಿನಾಗ ಅಲ್ಲಿ ನದಿ ಊರೊಳಗ ಹೊಕ್ಕಿತ್ತು, ಬೆಣ್ಣಿಹಳ್ಳದ ನೀರು ನೋಡಿದ ನನಗ ಆ ಧೈರ್ಯ ಬರಲಿಲ್ಲ. ಮಿಲ್ಡೂರಾ ಭಾಳ ದೂರ. ವಾರ್ನಂಬೂಲ್ ಸಮುದ್ರದ ದಂಡೀ ಊರು, ಹುಡುಗ್ರಿಗೆ ಅದ ಬೇಕಿತ್ತು, ಅಲ್ಲಿ ನನಗ ಕೆಲಸ ಇರಲಿಲ್ಲ. ಕಡೀಕ ಹಾರ್ಶಮ್.

ಜನವರಿ ಬಿಸಲಾಗ ಅಲ್ಲಿ ಹೊಲದಾಗ ಇಳದಿದ್ದೆ. ಎರಿ ಭೂಮಿ ಅಪ್ಪಾ! ನಮ್ಮಷ್ಟು ಕಪ್ಪಿಲ್ಲ, ಬೂದಿ ಬಣ್ಣ, ಆದ್ರ ಅದ ಜಾತಿ ಮಣ್ಣು. ಬಿಸಲಿಗೆ ಬಿರಕು ಬಿಟ್ಟಿತ್ತು, ಕೈ ಹಾಕಿದ್ರ ಮೊಣಕೈತನಕ ಹೋತು. ಕೆಳಗ ಸುಣ್ಣದ ಹರಳೂ ಸಿಕ್ಕವು. ಮಳಿ ಮಾತ್ರ ನಮಗಿಂತ ಕಡಿಮಿ, ವರ್ಷಕ್ಕ 400ರಿಂದ 450 ಮಿಲಿಮೀಟರ್, ಅದೂ ಚಳಿಗಾಲದಾಗ ಬೀಳ್ತೈತಿ. ಏಪ್ರಿಲ್-ಮೇದಾಗ ಬಿತ್ತಿ ಈಗ ನವೆಂಬರ್-ಡಿಸೆಂಬರಿನಾಗ ಸುಗ್ಗಿ. ಗೋದಿ, ಜವೆಗೋದಿ, ಮಸೂರಿ, ಕಡ್ಲಿ. ನೀವು ಹೋದ ಸಲ ಸಿಟ್ಟಿಲೆ ಅಂದ್ರಿ, ನಿಮ್ಮ ಆಸ್ಟ್ರೇಲಿಯಾದ ಕಡ್ಲಿ ಬಂದು ನಮ್ಮ ದರ ಕೆಡಿಸಿತು ಅಂತ. 2024ರ ಮೇ ತಿಂಗಳಾಗ ದಿಲ್ಲಿಯವರು ಸುಂಕ ತಗದಿದ್ದಕ್ಕ ಹಂಗಾತು, ಈಗ ಏಪ್ರಿಲ್‌ನಿಂದ ಮತ್ತ 10 ಟಕ್ಕೆ ಹಾಕ್ಯಾರ. ನಮ್ಮ ದೇಶಕ್ಕ ಇಲ್ಲಿಂದ ದೇಸೀ ಕಡ್ಲಿ ಹೆಚ್ಚಾಗಿ ಬರೂದು ಉತ್ತರದ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಕಡೆಯಿಂದ. ಹಾರ್ಶಮ್ ಸುತ್ತ ಮಸೂರೀನ ಹೆಚ್ಚು. ಈ ಸಲ ಕಡ್ಲಿಗೆ ಬೆಂಬಲ ಬೆಲಿ ಕ್ವಿಂಟಲ್‌ಗೆ 5,875 ರೂಪಾಯಿ ಐತಿ, ಅದಕ್ಕಿಂತ ಕಡಿಮಿಗೆ ದಲಾಲರ ಕೈಯಾಗ ಹಾಕಬ್ಯಾಡ್ರಿ, ಖರೀದಿ ಕೇಂದ್ರ ತಗಿಯೂತನಕ ತಡೀರಿ.

ದವಾಖಾನಿ ಐತೇನು ಅಂತ ಕೇಳೀರಿ. ಐತಿ, ದೊಡ್ಡ ಸರಕಾರಿ ದವಾಖಾನಿ, ಮನಿಯಿಂದ ನಡಕೊಂಡು ಹೋಗಬಹುದು. ತುರ್ತು ಚಿಕಿತ್ಸೆ, ಹೆರಿಗಿ, ಡಯಾಲಿಸಿಸ್ ಎಲ್ಲಾ ಅಲ್ಲೇ. ಎದಿ ಆಪರೇಷನ್ ಅಂಥಾದ್ದಕ್ಕ ದೊಡ್ಡ ಊರಿಗೆ ಕಳಿಸ್ತಾರ, ಅಣ್ಣಿಗೇರಿಯವರು ಹುಬ್ಬಳ್ಳಿಗೆ ಓಡೂದಿಲ್ಲೇನು, ಹಂಗ. ಜೀವಕ್ಕ ಬಂದ್ರ ಹೆಲಿಕಾಪ್ಟರ್ ಬರ್ತೈತಿ. ಊರು ಆರಿಸೂ ಮುಂದ ಇವರು ಮೊದಲ ನೋಡಿದ್ದನ ದವಾಖಾನಿ, ಆಮ್ಯಾಲ ಸಾಲಿ, ಆಮ್ಯಾಲ ನೀರು. ನೀರಿನ ಸುದ್ದಿ ಕೇಳಿದ್ರ ನಿಮಗ ಖುಷಿ ಆಗ್ತೈತಿ. ಮೊದಲ ಆ ಸೀಮಿಗೆಲ್ಲಾ ಬರೇ ಮಣ್ಣಿನ ಕಾಲುವಿ, 17 ಸಾವಿರ ಕಿಲೋಮೀಟರಿಗೂ ಹೆಚ್ಚು. ನೀರೆಲ್ಲಾ ಇಂಗಿ, ಬಿಸಲಿಗೆ ಆರಿ, ಕೊನೀ ಹೊಲದವರಿಗೆ ಮುಟ್ಟತಿದ್ದಿಲ್ಲ. ನಮ್ಮ ಮಲಪ್ರಭಾ ಕಾಲುವಿ ಕೊನೀ ಅಂಚಿನವರ ಗೋಳು ಇವರಿಗೂ ಇತ್ತು. 2010ರ ಹೊತ್ತಿಗೆ ಅಷ್ಟೂ ಕಾಲುವಿ ಮುಚ್ಚಿ, ಸುಮಾರು 9 ಸಾವಿರ ಕಿಲೋಮೀಟರ್ ಪೈಪ್ ಹಾಕಿ ಮನಿ ಮನಿಗೆ, ದನದ ತೊಟ್ಟಿಗೆ ನೀರು ಮುಟ್ಟಿಸ್ಯಾರ.

ಬೆಂಕಿ ಸುದ್ದಿ ಟಿವಿಯೊಳಗ ನೋಡಿ ಅವ್ವ ಹೆದರ್ಯಾಳಂತ. ಹೋದ ಡಿಸೆಂಬರಿನಾಗ ಹಾರ್ಶಮ್ ಹತ್ರದ ಗ್ರಾಂಪಿಯನ್ಸ್ ಗುಡ್ಡದಾಗ 70 ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟದ್ದು ಖರೇ. ನಾವು ಮನಿ ಹಿಡದದ್ದು ಊರಿನ ನಟ್ಟ ನಡುವ. ಫೋನಿಗೆ ಮುಂಚೇನ ಸೂಚನಾ ಬರ್ತೈತಿ, ಬಿಸಲು ಗಾಳಿ ಜೋರಿದ್ದ ದಿನ ಬಯಲಾಗ ಬೆಂಕಿ ಹಚ್ಚಬಾರದು ಅಂತ ಕಾಯ್ದೆ ಐತಿ, ಬೆಂಕಿ ಆರಸೂ ದಳದಾಗ ಊರ ಮಂದೀನ ಪಗಾರ ಇಲ್ಲದ ಸೇರಿರ್ತಾರ. ಅವ್ವಗ ಹೇಳ್ರಿ, ಚಿಂತಿ ಮಾಡೂದು ಏನೇನೂ ಇಲ್ಲ.

ನಮ್ಮ ಮಂದಿ ಅದಾರೇನು ಅಂತ ಕೇಳೀರಿ. ಕೇರಳದ ನರ್ಸ್‌ಗಳು, ಪಂಜಾಬದವರು ಅದಾರ. ಕನ್ನಡದವರು ಒಂದು ಮನಿ ಸಿಕ್ಕಾರ, ದಾವಣಗೆರಿಯವರು. ಹಾರ್ಶಮ್ ಮುಂದ ನಿಲ್ ಅಂತ ಒಂದು ಊರೈತಿ, ಎರಡು ಸಾವಿರದಷ್ಟು ಮಂದಿ. ಅಲ್ಲಿ ಬಾತುಕೋಳಿ ಕಂಪನಿಗೆ ಆಳು ಸಿಗದ, 2010ರಿಂದ ಬರ್ಮಾದ ಕರೆನ್ ನಿರಾಶ್ರಿತರ ಕುಟುಂಬಗಳನ್ನ ಕರಸ್ಕೊಂಡ್ರು. ಕುಗ್ಗಿದ್ದ ಊರು ಅವರು ಬಂದಮ್ಯಾಲ ಚೇತರಿಸ್ಕೊಂಡಿತು. ಭಾಷಾ ಬರದ, ಕೈಯಾಗ ಏನೂ ಇಲ್ಲದ ಬಂದವರನ್ನ ಆ ಸೀಮಿಯವರು ನಡಸ್ಕೊಂಡ ರೀತಿ ಕೇಳಿದ ಮ್ಯಾಲ ನನ್ನ ಅರ್ಧಾ ಅಂಜಿಕಿ ಹೋತು. ಅಲ್ಲಿ ರಸ್ತೆ ಮ್ಯಾಲ ಎದರಿಗೆ ಬಂದ ಗಾಡಿಯವರು ಗುರ್ತು ಇಲ್ಲದಿದ್ರೂ ಸ್ಟೇರಿಂಗ್ ಮ್ಯಾಲಿಂದ ಒಂದು ಬಟ್ಟು ಎತ್ತಿ ನಮಸ್ಕಾರ ಮಾಡ್ತಾರ. ಮೆಲ್ಬರ್ನ್‌ನಾಗ ಬಾಜೂ ಮನಿಯವರ ಹೆಸರು ನನಗ ಇನ್ನೂ ಗೊತ್ತಿಲ್ಲ.

ವಿಚಿತ್ರ ಅಂದ್ರ ಭಾಳ ಅದಾವು. ಧಾನ್ಯ ತುಂಬೂ ಮುಗಲೆತ್ತರದ ಕಣಜಗಳ ಮ್ಯಾಲ ರೈತರ ಚಿತ್ರ ಬರದಾರ. ಬ್ರಿಮ್ ಅಂಬೂ ಊರಾಗ 2016ರಾಗ ಸುರು ಆತಂತ, ಈಗ ಅವನ್ನ ನೋಡ್ಲಿಕ್ಕೆ ಎಲ್ಲೆಲ್ಲಿಂದನೋ ಮಂದಿ ಬರ್ತಾರ. ಮುರ್ಟೋವಾ ಊರಾಗ ಎರಡನೇ ಮಹಾಯುದ್ಧದ ಕಾಲಕ್ಕ ಕಟ್ಟಿದ ಗೋದಿ ಗೋದಾಮು ಐತಿ, ಒಳಗ 560 ಮರದ ಕಂಬ. ನಮ್ಮ ಅಮೃತೇಶ್ವರ ಗುಡೀ ಕಂಬ ಎಣಿಸಿ ಬೆಳದ ನಾನೂ ಅಲ್ಲಿ ಬಾಯಿ ತಗದು ನಿಂತೆ. ರೈಲು ವಾರದಾಗ ಎರಡ ದಿನ, ಉಳದ ದಿನ ಬಸ್ಸು ಹತ್ತಿ ಹೋಗಿ ರೈಲು ಹಿಡೀಬೇಕು. ಆದ್ರ ಆ ಬಸ್ಸು-ರೈಲಿನ ಟಿಕೇಟಿಗೆ ಮೆಲ್ಬರ್ನ್ ಊರೊಳಗ ದಿನಪೂರ್ತಿ ತಿರಗಾಡಿದಷ್ಟ ರೊಕ್ಕ, 2023ರಿಂದ ಹಂಗ ಮಾಡ್ಯಾರ. ಸಾಲಿಯೊಳಗ ಬಿಸಲಿಗೆ ಟೊಪ್ಪಿಗಿ ಇಲ್ಲದ ಹುಡುಗ್ರನ್ನ ಬಯಲಾಗ ಆಡಲಿಕ್ಕೆ ಬಿಡಂಗಿಲ್ಲ. ಜನವರಿ ಕೊನೀಗೆ ಸಾಲಿ ಸುರು, ಅದರೊಳಗ ನಾವು ಹೋಗಿ ಮುಟ್ಟತೇವಿ.

ಈಗ ಹೊಲದ ಮಾತು. ಬಾಡಿಗಿ ಇಲ್ಲಿ ವಾರದ ಲೆಕ್ಕ. ಈಗ ಎರಡು ಖೋಲಿಗೆ ಕೊಡೂದ್ರಾಗ ಅಲ್ಲಿ ಮೂರು ಖೋಲಿ, ಹಿತ್ತಲ, ನಿಂಬಿ ಗಿಡ ಇದ್ದ ಮನಿ ಸಿಕ್ಕೈತಿ, ಮ್ಯಾಲ ರೊಕ್ಕಾನೂ ಉಳೀತೈತಿ. ಅಂದ್ರ ನಮ್ಮ ಖರ್ಚು ಕಡಿಮಿ ಆಗ್ತೈತಿ, ಗಳಿಕಿ ಹೆಚ್ಚಾಗ್ತೈತಿ. ನಿಮ್ಮ ರೊಕ್ಕ ಎದಕ್ಕ ಬೇಕು ನಮಗ? ಹೆದ್ದಾರಿ ಬದಿಗೆ ದರ ಬಂದೈತಿ, ಪ್ಲಾಟ್ ಮಾಡವರು ಕೈಯಾಗ ರೊಕ್ಕ ಹಿಡಕೊಂಡು ನಿಂತಾರ ಅಂತ ಬರದೀರಿ. ನಿಂತಿರಲಿ. ನನ್ನ ಓದಿಗೆ ಸೊಸೈಟಿ ಸಾಲ ತಗದದ್ದು ಅದ ಹೊಲದ ಮ್ಯಾಲ. ಆ ಸಾಲ ತೀರಸಲಿಕ್ಕೆ ನೀವು ಎಷ್ಟು ಸುಗ್ಗಿ ಹಬ್ಬ ಇಲ್ಲದ ಕಳದೀರಿ ಅನ್ನೂದು ನಾ ಕಣ್ಣಾರೆ ಕಂಡೇನಿ. ಆ ಓದು ಈಗ ಕೆಲಸಕ್ಕ ಬರೂ ಹೊತ್ತಿನಾಗ ಆ ಹೊಲಾನ ಹೋದ್ರ ನಾ ಆ ಲ್ಯಾಬಿನ್ಯಾಗ ಯಾವ ಮುಖಾ ಹೊತ್ತು ಕಡ್ಲಿ ಎಣಿಸ್ಲಿ?

2005ರ ಕಾಯ್ದೆ ಪ್ರಕಾರ ಪಿತ್ರಾರ್ಜಿತದಾಗ ಹೆಣ್ಣುಮಕ್ಕಳಿಗೂ ಸಮಪಾಲು ಐತಿ, 2020ರಾಗ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿ ಮಾಡೈತಿ. ಅದಕ್ಕ ತಗೊಳ್ಳವರು ನನ್ನ ಸಹಿ ಕೇಳತಾರ. ನನಗ ಪಾಲು ಬ್ಯಾಡ, ಬಸುಗ ಇರಲಿ. ಆದ್ರ ಮಾರಾಟಕ್ಕ ಒಪ್ಪಿಗಿ ಕೊಡಂಗಿಲ್ಲ. ಮುಖತ್ಯಾರ ಪತ್ರಾ ಕಳಿಸಿದ್ರ ನಾ ಅದನ್ನ ಇಲ್ಲಿ ಕಾನ್ಸುಲೇಟಿಗೆ ಒಯ್ದು ಮುದ್ರಿ ಹೊಡಸಬೇಕಾಗ್ತೈತಿ, ಒಯ್ಯಂಗಿಲ್ಲ. ಸಿಟ್ಟಾಗಬ್ಯಾಡ್ರಿ. ಈ ವಯಸ್ಸಿನಾಗ ನಿಮಗ ದುಡಿಯೂದು ಆಗವಲ್ದು ಅಂದ್ರ ಲಾವಣಿಗೆ ಕೊಡ್ರಿ, ಬಾಜೂ ಹೊಲದವರನ್ನ ಕೇಳಿದ್ರ ಬ್ಯಾಡ ಅನ್ನಂಗಿಲ್ಲ. ಬೀಜ ಗೊಬ್ಬರಕ್ಕ ಕಡಿಮಿ ಬಿದ್ರ ಇವರ ಮುಂದ ಹೇಳ್ರಿ, ಮಗಾ ಅಂತ ತಿಳದು ಹೇಳ್ರಿ. ನಮಗ ಕಡಿಮಿ ಏನೂ ಇಲ್ಲ. ಖರೇನ ಇಲ್ಲ. ಹುಡುಗ್ರು ತುಪ್ಪ ಬೆಲ್ಲ ತಿಂದು ಬೆಳೀಲಿಕ್ಕತ್ತಾವು, ಇವರಿಗೆ ಹೊಟ್ಟಿ ಬಂದೈತಿ, ನನಗ ಹೋದ ತಿಂಗಳ ರಕ್ತ ತಪಾಸಣಿ ಆತು, ಎಲ್ಲಾ ಸರಿ ಐತಿ ಅಂದಾರ.

ಪೋಸ್ಟ್ ಆಫೀಸು ಐದಕ್ಕ ಮುಚ್ಚತೈತಿ, ಅದರ ಮುಂಚೆ ಹುಡುಗ್ರನ್ನ ಸಾಲಿಯಿಂದ ಕರಕೊಂಡು ಬರಬೇಕು. ಅವ್ವಗ ಮೊಣಕಾಲಿಗೆ ಎಣ್ಣಿ ತಿಕ್ಕೂದು ಬಿಡಬ್ಯಾಡ ಅಂತ ಹೇಳ್ರಿ. ಪತ್ರ ಮುಟ್ಟಿದ ದಿನಾನ ಬಸುನ ಕಡೆಯಿಂದ ಒಂದು ಫೋನ್ ಮಾಡಸ್ರಿ, ಸಂಚಕಾರ ತಿರುಗಿ ಕೊಟ್ರೋ ಇಲ್ಲೋ ಅಷ್ಟ ಹೇಳಿದ್ರ ಸಾಕು. ಎಲ್ಲಾರಿಗೂ ಕೇಳಿದೆ ಅಂತ ಹೇಳ್ರಿ.

ಇತಿ ನಿಮ್ಮ ಮಗಳು
ಗಿರಿಜಾ

ತಾ.ಕ.: ಹೊಸ ಮನೀ ಪತ್ತಾ ಇವರು ಬಸುಗ ವಾಟ್ಸಾಪ್ ಮಾಡ್ತಾರ. ಜನವರಿ ಹತ್ತರ ನಂತರ ಪತ್ರಾ ಬರದ್ರ ಅಲ್ಲಿಗೇ ಹಾಕ್ರಿ.